ಬಾನಿನಿಂದ ಬರುವ ಪಾಠ – ಒಂದು ಹಿನ್ನೋಟ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ನನ್ನ ಸೇವಾವಧಿಯೆಲ್ಲ ಇಲ್ಲಿಯ ಶಾಲೆಗಳಲ್ಲಿಯೇ ಕಳೆಯಿತು. 2020ರ ಮಳೆಗಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, ಮಿಡಿಗೇಶಿ ಕಡೆಯ ಹಳ್ಳಿಯಲ್ಲಿದ್ದ ನನ್ನ ತಮ್ಮನ ಮೊಮ್ಮಗಳು ಪುಸ್ತಕ, ಮೊಬೈಲು, ಕೊಡೆ ಹಿಡಿದು ಊರ ಹಿಂದಿನ ಬಂಡೆಯನ್ನೇರುತ್ತಿದ್ದಳು. ಮನೆಯಲ್ಲಿ ದೊರೆಯದ ಸಿಗ್ನಲ್ ಅಲ್ಲಿ ದೊರೆಯುತ್ತಿತ್ತು. ಆ ವರ್ಷ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಮಕ್ಕಳನ್ನು ಇಂಟರ್ನೆಟ್ ಉಳ್ಳವರು, ಬರಿಯ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮೂರು ಗುಂಪು ಮಾಡಬೇಕಾಯಿತು. ಒಂದೇ ತರಗತಿಯಲ್ಲಿ ಮೂರು ಜಾತಿಯಾದಂತೆ ನನಗೆ ನೋವಾಯಿತು.

‘ಮೇಷ್ಟ್ರೇ, ಇನ್ನು ಇಂಟರ್ನೆಟ್ ಆಕಾಶದಿಂದಲೇ ಬರುತ್ತದಂತೆ, ನಮ್ಮೂರಿಗೂ ಬಂದೀತೇ?’ ಎಂದು ಹಳೆಯ ಶಿಷ್ಯರೊಬ್ಬರು ಈಚೆಗೆ ಕೇಳಿದರು. ಉತ್ತರಿಸುವ ಮೊದಲು ಸ್ವಲ್ಪ ಚರಿತ್ರೆಯನ್ನು ನೆನೆಯಬೇಕು.

ಆಕಾಶದಿಂದ ಪಾಠ ಬರುವುದು ಕನ್ನಡನಾಡಿಗೆ ಹೊಸದಲ್ಲ. 1975ರ ಆಗಸ್ಟ್ 1ರಂದು, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಟೆಲಿವಿಷನ್ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ನಮ್ಮ ರಾಜ್ಯದಿಂದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಆಯ್ಕೆಯಾದವು. ಆಗಷ್ಟೇ ಶಿಕ್ಷಕ ತರಬೇತಿ ಮುಗಿಸಿದ್ದ ನಾನು ಪತ್ರಿಕೆಯಲ್ಲಿ ಓದಿ, ನಮ್ಮ ಜಿಲ್ಲೆಗೆ ಆ ಭಾಗ್ಯವಿಲ್ಲವಲ್ಲಾ ಎಂದು ಕರುಬಿದ್ದೆ. ಆದರೆ ಕರಾರಿನಂತೆ 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ಒಡೆಯರಿಗೆ ಮರಳಿತು. ಎರವಲು ಒಡವೆ ಎಷ್ಟು ದಿನ ಕೊರಳಲ್ಲಿದ್ದೀತು?

ಬಳಿಕ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ನಮ್ಮದೇ ಆದ ‘ಎಜುಸ್ಯಾಟ್’ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. ಅಲ್ಲಿ ಮಕ್ಕಳು ನೋಡಬಹುದಿತ್ತು, ಕೇಳಬಹುದಿತ್ತು. ಆದರೆ ಇಂಟರ್ನೆಟ್ಟಿನಲ್ಲಿರುವಂತೆ ಬೇಕಾದುದನ್ನು ತಾವೇ ಹುಡುಕಿ ಪಡೆಯುವಂತಿರಲಿಲ್ಲ.

ಈ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಂತೆ ತೋರುವಂಥವು. ಒಂದು ಲೆಕ್ಕ ಹಾಕೋಣ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಮೇಲೇರಿ ಕೆಳಗಿಳಿಯಬೇಕೆಂದರೆ 1,44,000 ಕಿ.ಮೀ. ದಾರಿ. ಬೆಳಕಿನ ವೇಗದಲ್ಲಿಯೂ ಸುಮಾರು ಅರ್ಧ ಸೆಕೆಂಡ್ ಬೇಕು. ಉಪಗ್ರಹವನ್ನು 550 ಕಿ.ಮೀ.ಗೆ ಇಳಿಸಿದರೆ, ಅದು ನೆತ್ತಿಯ ಮೇಲಿದ್ದಾಗ ದಾರಿ 2,200 ಕಿ.ಮೀ. ಮಾತ್ರ. ಆದರೆ ಕೆಳಗಿಳಿದದ್ದು ನಿಲ್ಲಲಾರದು. ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ, ನಮ್ಮ ತಲೆಯ ಮೇಲೆ ಕೆಲವೇ ನಿಮಿಷ ಇರುತ್ತದೆ. ಒಂದು ಮರೆಯಾಗುವ ಮುನ್ನ ಇನ್ನೊಂದು ಬರಬೇಕಾದುದರಿಂದ ಅವು ನೂರಾರು, ಸಾವಿರಾರು ಬೇಕು. ಹೆಚ್ಚಿನ ಕಾಲ ಅವು ಜನರಿಲ್ಲದ ಸಮುದ್ರದ ಮೇಲೆಯೇ ಹಾಯುತ್ತವೆ. ಕೆಲವೇ ವರ್ಷಗಳಲ್ಲಿ ಹಳತಾಗುವುದರಿಂದ ಮತ್ತೆ ಮತ್ತೆ ಹೊಸದನ್ನು ಕಳುಹಿಸುತ್ತಿರಬೇಕು.

ಈ ವೆಚ್ಚವೇ ಹಲವರನ್ನು ಮುಳುಗಿಸಿತು. 66 ಉಪಗ್ರಹಗಳ ದೂರವಾಣಿ ಜಾಲ ಇರಿಡಿಯಂ 1998ರಲ್ಲಿ ಸೇವೆ ಆರಂಭಿಸಿ ಮರುವರ್ಷವೇ ದಿವಾಳಿಯೆದ್ದಿತು. ಇಂಟರ್ನೆಟ್ಟಿಗಾಗಿ 840 ಉಪಗ್ರಹಗಳ ಕನಸು ಕಂಡ ಟೆಲಿಡೆಸಿಕ್ 2002ರಲ್ಲಿ ಕೆಲಸ ನಿಲ್ಲಿಸಿತು. 2020ರಲ್ಲಿ ದಿವಾಳಿಯಾದ ಒನ್‌ವೆಬ್ಬನ್ನು ಭಾರ್ತಿ ಸಂಸ್ಥೆ ಮತ್ತು ಬ್ರಿಟನ್ ಸರ್ಕಾರ ಕೊಂಡುಕೊಂಡವು. ಅದರ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ನಮ್ಮ ಇಸ್ರೋದ ರಾಕೆಟ್ಟುಗಳೇ ಶ್ರೀಹರಿಕೋಟದಿಂದ ಒಯ್ದವು. 2019ರಿಂದ ಉಪಗ್ರಹಗಳನ್ನು ಹಾರಿಸುತ್ತಿರುವ ಸ್ಟಾರ್‌ಲಿಂಕ್, ಒಮ್ಮೆ ಹಾರಿಸಿದ ರಾಕೆಟ್ಟನ್ನೇ ಮತ್ತೆ ಬಳಸಿ ವೆಚ್ಚವನ್ನು ಇಳಿಸಿತು. ಅದಕ್ಕೆ 2025ರಲ್ಲಿ ಭಾರತದ ಪರವಾನಗಿಯೂ ದೊರೆಯಿತು. ಆದ್ದರಿಂದ ‘ಸಾಧ್ಯವೇ?’ ಎಂಬ ಪ್ರಶ್ನೆಗೆ ಆಕಾಶ ಉತ್ತರ ಕೊಟ್ಟಾಗಿದೆ. ಉಳಿದಿರುವುದು ನೆಲದ ಪ್ರಶ್ನೆ.

ಶಿರಾ ಪಟ್ಟಣದಂತೆ ಜನ ದಟ್ಟವಾಗಿರುವೆಡೆ ಕೇಬಲ್ಲೇ ಮೇಲು. ಒಂದು ಉಪಗ್ರಹದ ಸಾಮರ್ಥ್ಯವನ್ನು ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ. ಆದರೆ ಚನ್ನರಾಯನದುರ್ಗ, ನಿಡಗಲ್ಲುಗಳ ಕಡೆ ಬಂಡೆ ಸೀಳಿ ಕೇಬಲ್ ಹೂಳುವುದು ಸುಲಭವಲ್ಲ. ಅಂಥ ಒಂಟಿ ಶಾಲೆಗೆ ಆಕಾಶವೇ ದಾರಿ. ಅಲ್ಲಿಯೂ ತಟ್ಟೆಗೆ ಬಯಲು ಆಕಾಶ ಕಾಣಬೇಕು. ಬೆಟ್ಟದ ಬುಡಕ್ಕೇ ಅಂಟಿದ ಶಾಲೆಗೆ ಅರ್ಧ ಆಕಾಶವನ್ನು ಬೆಟ್ಟವೇ ಮುಚ್ಚಿರುತ್ತದೆ. ಜೊತೆಗೆ ವಿದ್ಯುತ್ ಬೇಕು. ಪಾವಗಡದ ತಿರುಮಣಿಯ ಬಳಿ 2,050 ಮೆಗಾವ್ಯಾಟ್ ಸೌರವಿದ್ಯುತ್ ಪಾರ್ಕ್ ಇದ್ದರೂ, ಶಾಲೆಯಲ್ಲಿ ಕರೆಂಟು ಹೋದರೆ ತಟ್ಟೆಯೂ ಕುರುಡೇ.

ಎಲ್ಲಕ್ಕಿಂತ ಮಿಗಿಲಾಗಿ, ತಿಂಗಳ ಬಾಡಿಗೆ ಕಟ್ಟುವವರಾರು, ಕೆಟ್ಟಾಗ ಸರಿಪಡಿಸುವವರಾರು? ನಾನು ಕೆಲಸ ಮಾಡಿದ ಒಂದು ಶಾಲೆಗೆ ಕೊಡುಗೆಯಾಗಿ ಬಂದ ಟಿ.ವಿ. ಪೆಟ್ಟಿಗೆ ಒಂದು ಸಣ್ಣ ಬಿಡಿಭಾಗಕ್ಕಾಗಿ ಕಾದು ಕಾದು ಬೀರುವಿನ ಮೇಲೇ ಧೂಳು ತಿಂದಿತು. ಅದರ ಹೊಣೆ ನಮ್ಮಲ್ಲಿ ಯಾರದೆಂದು ಗೊತ್ತುಮಾಡಿಕೊಳ್ಳದಿದ್ದುದು ನನ್ನದೂ ತಪ್ಪು.

ಆದುದರಿಂದ ನನ್ನ ಶಿಷ್ಯರಿಗೆ ನಾನಿತ್ತ ಉತ್ತರವಿಷ್ಟೆ: ಬರುವುದು ಖಂಡಿತ, ಉಳಿಯುವುದು ನಮ್ಮ ಕೈಯಲ್ಲಿದೆ. ನಿಮ್ಮಲ್ಲಿ ಹಲವರು ಇಂದು ಪಂಚಾಯಿತಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ಇದ್ದೀರಿ. ತಟ್ಟೆ ಕೇಳುವ ಮುನ್ನ ಅದನ್ನು ನೋಡಿಕೊಳ್ಳುವವರೊಬ್ಬರನ್ನು ಗೊತ್ತುಮಾಡಿ, ಬಾಡಿಗೆಗೆ ಹಣ ತೆಗೆದಿರಿಸಿ. ಮಕ್ಕಳು ಬಂಡೆಯೇರುವುದು ಆಟಕ್ಕಾಗಿರಲಿ, ಪಾಠಕ್ಕಾಗಿ ಅಲ್ಲ.