ಬೇರ್ ಸ್ಪ್ರೇ ಮತ್ತು ಬಂದೂಕು

ಉತ್ತರ ಅಮೆರಿಕದ ಕಾಡುಗಳಲ್ಲಿ ಸಂಚರಿಸುವವರು ಕರಡಿಗಳಿಂದ ರಕ್ಷಿಸಿಕೊಳ್ಳಲು ಮುಖ್ಯವಾಗಿ ಬೇರ್ ಸ್ಪ್ರೇ ಅಥವಾ ಬಂದೂಕನ್ನು ಒಯ್ಯುತ್ತಾರೆ. ಇವೆರಡರಲ್ಲಿ ಯಾವುದು ಹೆಚ್ಚು ಸುರಕ್ಷಿತ ಎಂಬುದು ಚರ್ಚೆಯ ವಿಷಯವಾಗಿದೆ.

ಕಾರ್ಯವಿಧಾನ

ಮೆಣಸಿನಕಾಯಿಗೆ ಖಾರವನ್ನು ನೀಡುವ ಕ್ಯಾಪ್ಸೈಸಿನ್ ಬೇರ್ ಸ್ಪ್ರೇಯ ಮುಖ್ಯ ಘಟಕ. ಡಬ್ಬಿಯಿಂದ ಮೋಡದಂತೆ ಚಿಮ್ಮುವ ಇದು ಕರಡಿಯ ಕಣ್ಣು, ಮೂಗು ಹಾಗೂ ಶ್ವಾಸನಾಳಗಳಲ್ಲಿ ತಾತ್ಕಾಲಿಕವಾಗಿ ತೀವ್ರ ಉರಿಯನ್ನುಂಟುಮಾಡುತ್ತದೆ. ಇದು ಸುಮಾರು 9 ಮೀಟರ್ ದೂರ ತಲುಪುತ್ತದೆಯಾದರೂ ಗಾಳಿ ಮತ್ತು ಮಳೆಯಲ್ಲಿ ಇದರ ಪರಿಣಾಮ ತಗ್ಗಬಹುದು. ಬಂದೂಕಿನಿಂದ ಕರಡಿಯನ್ನು ತಡೆಯಲು ಕೆಲವೇ ಕ್ಷಣಗಳಲ್ಲಿ ನಿಖರವಾಗಿ ಗುರಿಯಿಡಬೇಕಾಗುತ್ತದೆ. ಗಾಯಗೊಂಡ ಕರಡಿ ಮತ್ತಷ್ಟು ಅಪಾಯಕಾರಿ.

ಅಧ್ಯಯನಗಳು

ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಹಸಂಶೋಧಕರು ಅಲಾಸ್ಕದ ಘಟನೆಗಳನ್ನು ಪರಿಶೀಲಿಸಿದರು. ಅವರ 2008ರ ಅಧ್ಯಯನದ ಪ್ರಕಾರ, ಸ್ಪ್ರೇ ಬಳಸಿದಾಗ ಶೇಕಡ 92ರಷ್ಟು ಪ್ರಸಂಗಗಳಲ್ಲಿ ಕಂದು ಕರಡಿಗಳು ತಮ್ಮ ವರ್ತನೆಯನ್ನು ನಿಲ್ಲಿಸಿದವು. 2012ರ ಅಧ್ಯಯನವು ಕೈಬಂದೂಕುಗಳ ಯಶಸ್ಸನ್ನು ಶೇಕಡ 84 ಎಂದೂ ಉದ್ದನಳಿಗೆಯ ಬಂದೂಕುಗಳದನ್ನು ಶೇಕಡ 76 ಎಂದೂ ದಾಖಲಿಸಿತು. ಆದರೆ ಸ್ಪ್ರೇ ಪ್ರಸಂಗಗಳಲ್ಲಿ ಕುತೂಹಲದಿಂದ ಸಮೀಪಿಸಿದ ಕರಡಿಗಳೂ ಸೇರಿದ್ದುದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಆಯ್ಕೆ

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವು ಸ್ಪ್ರೇಯನ್ನು ಶಿಫಾರಸು ಮಾಡುತ್ತದೆ. 2010ರಿಂದ ಅಲ್ಲಿ ಕಾನೂನಿಗೆ ಒಳಪಟ್ಟು ಬಂದೂಕನ್ನು ಒಯ್ಯಬಹುದಾದರೂ ಗುಂಡು ಹಾರಿಸುವುದು ನಿಷಿದ್ಧ. ಹಿಮಕರಡಿಗಳಿರುವ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಾದರೋ ವಸತಿಪ್ರದೇಶದ ಹೊರಗೆ ಬಂದೂಕು ಒಯ್ಯುವಂತೆ ಆಡಳಿತವೇ ಸಲಹೆ ನೀಡುತ್ತದೆ.

ಸ್ಪ್ರೇಯನ್ನು ಮೈಗಾಗಲಿ ಗುಡಾರಕ್ಕಾಗಲಿ ಬಳಿಯಬಾರದು. ಅದರ ಶೇಷದ ವಾಸನೆ ಕರಡಿಗಳನ್ನು ಆಕರ್ಷಿಸಬಲ್ಲದು. ಯಾವುದನ್ನೇ ಆಯ್ದರೂ ಅದು ಚೀಲದೊಳಗಿರದೆ ಕೈಗೆಟುಕುವಂತಿರಬೇಕು, ಬಳಕೆಯ ಅಭ್ಯಾಸವೂ ಇರಬೇಕು. ಗುಂಪಿನಲ್ಲಿ ನಡೆಯುವುದು, ಸದ್ದು ಮಾಡುವುದು ಹಾಗೂ ಆಹಾರವನ್ನು ಭದ್ರವಾಗಿರಿಸುವುದು ಮುಖಾಮುಖಿಯನ್ನೇ ತಪ್ಪಿಸುವ ಮೊದಲ ಕ್ರಮಗಳು.