ಚಿಸುಂಗು: ಮಣ್ಣಿನ ಗೊಂಬೆಗಳ ಪಾಠಶಾಲೆ

ಮೈನೆರೆದ ಹುಡುಗಿಗೆ ಚಿಗಳಿ ತಿನ್ನಿಸಿ, ಹಸೆಯ ಮೇಲೆ ಕೂರಿಸಿ ಆರತಿ ಎತ್ತಿದ ಮನೆಯವಳು ನಾನು. ಆರತಿಯಾಯಿತು, ಹಾಡಾಯಿತು, ಮೈಯಲ್ಲಿ ಆಗಿದ್ದೇನೆಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜಾಂಬಿಯಾದ ಬೆಂಬಾ ಹೆಂಗಸರ ‘ಚಿಸುಂಗು’ ಬಗ್ಗೆ ಓದುತ್ತಾ ಹೋದದ್ದು ಆ ಕುತೂಹಲದಿಂದಲೇ.

1931ರಲ್ಲಿ, ಆ ದೇಶ ಇನ್ನೂ ಉತ್ತರ ರೊಡೇಷಿಯಾ ಆಗಿದ್ದಾಗ, ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್ ಹಳ್ಳಿಯೊಂದರಲ್ಲಿ 23 ದಿನಗಳ ಚಿಸುಂಗುವನ್ನು ಕಣ್ಣಾರೆ ಕಂಡರು. ಅದರ ಕುರಿತ ಅವರ ಪುಸ್ತಕ ಬಂದದ್ದು 1956ರಲ್ಲಿ. ಮುಂದಾಳು ‘ನಾಚಿಂಬುಸಾ’ ಎಂಬ ಹಿರಿಯಳು. ಮುಂದೆ ಆ ಹುಡುಗಿಯ ಬಾಣಂತನಕ್ಕೂ ಅವಳೇ. ಹೆಂಗಸರು ಜೇಡಿಮಣ್ಣಿನಲ್ಲಿ ‘ಎಂಬುಸಾ’ ಎಂಬ ಗೊಂಬೆಗಳನ್ನು ಮಾಡುತ್ತಿದ್ದರು. ಒಂದೊಂದು ಗೊಂಬೆಗೂ ಒಂದೊಂದು ಹಾಡು, ಹಾಡಿನೊಳಗೊಂದು ಗುಟ್ಟಿನ ಅರ್ಥ. ವಿಚಿತ್ರವೆಂದರೆ, ಇಷ್ಟೆಲ್ಲ ನಡೆಯುವಾಗ ಹುಡುಗಿ ಎಷ್ಟೋ ಹೊತ್ತು ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿರುತ್ತಿದ್ದಳು! ಅಡುಗೆ, ಹೊಲದ ಕೆಲಸ ಅವಳಿಗೆ ಮೊದಲೇ ಗೊತ್ತು. ಆದರೂ ‘ಕಲಿಸುತ್ತಿದ್ದೇವೆ’ ಎಂದೇ ಹೆಂಗಸರು ಹೇಳುತ್ತಿದ್ದರು. ಕೆಲಸ ಕಲಿಸುವುದಲ್ಲ, ಇನ್ನು ಆ ಕೆಲಸ ಅವಳ ಹೊಣೆಯೆಂದು ಊರೆದುರು ಒಪ್ಪಿಸುವುದೇ ಇದರ ಉದ್ದೇಶವೆಂದು ರಿಚರ್ಡ್ಸ್ ಕಂಡುಕೊಂಡರು.

ಮಿಷನರಿಗಳಿಗೆ ಆ ಹಾಡು, ಕುಣಿತ ಅಶ್ಲೀಲವಾಗಿ ಕಂಡವು. ಮಿಷನ್ ಶಾಲೆಯಲ್ಲಿ ಬೈಬಲ್ ಪಾಠ, ಅಕ್ಷರ, ಹೊಲಿಗೆ ಎಲ್ಲ ಇತ್ತು. ಆದರೆ ನಾಚಿಂಬುಸಾ ಬಿಟ್ಟುಹೋದ ಜಾಗದಲ್ಲಿ ಕೂರುವವರು ಯಾರು? 1915ರಲ್ಲಿ ಎಂಬೆರೆಶಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಮೇಬಲ್ ಶಾ ಅಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆ ನಡೆಸಿದರು. ಊರಿನ ಪದ್ಧತಿಗಳಲ್ಲಿ ಕ್ರೈಸ್ತ ಬೋಧನೆಗೆ ಒಗ್ಗುವುದನ್ನು ಉಳಿಸಿಕೊಳ್ಳಲು ನೋಡಿದರು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಆರಿಸಿದವರು ಮಾತ್ರ ಬೆಂಬಾ ಅಜ್ಜಿಯರಲ್ಲ, ಶಾ ಅವರೇ. ಇದು ನನಗೆ ಒಪ್ಪಿಗೆಯಾಗದ ಮಾತು.

ಕಾಲ ತಿರುಗಿತು. ಕೆನಡಾದ ಕ್ಯಾಥೊಲಿಕ್ ಪಾದ್ರಿ ಕೋರ್ಬೇ ಎಂಬುಸಾಗಳನ್ನು ಜತನದಿಂದ ಕೂಡಿಹಾಕಿದರು. ಎಂಬಾಲಾ ಊರಿನ ಮೋಟೋ ಮೋಟೋ ಮ್ಯೂಸಿಯಂನಲ್ಲಿ ಅವು ಈಗಲೂ ಇವೆ. ಚಿಸುಂಗು ನಗರಗಳಲ್ಲಿ ಮದುವೆಗೆ ಮುಂಚಿನ ಪಾಠವಾಗಿ ಮೊಟಕಾಯಿತು. ಇಂದು ಜಾಂಬಿಯಾದ ಎಷ್ಟೋ ಚರ್ಚುಗಳಲ್ಲಿ ಮದುಮಗಳಿಗೆ ಬುದ್ಧಿ ಹೇಳುವ ಹಿರಿಯ ಹೆಂಗಸರಿಗೆ ‘ಬನಾಚಿಂಬುಸಾ’ ಎಂಬ ಅದೇ ಹಳೆಯ ಹೆಸರು. ಒಂದು ಕಾಲಕ್ಕೆ ಬಾಗಿಲಾಚೆ ನಿಲ್ಲಿಸಿದವಳನ್ನೇ ಒಳಗೆ ಕರೆದು ಮಣೆ ಹಾಕಿದಂತೆ. ಗಂಡನಿಗೆ ತಗ್ಗಿ ನಡೆ ಎಂಬ ಪಾಠವೂ ಅವಳ ಜೊತೆಗೇ ಒಳಗೆ ಬಂತು; ಅದನ್ನು ಮಾತ್ರ ಯಾವ ಪಾದ್ರಿಯೂ ಅಶ್ಲೀಲ ಎಂದಂತಿಲ್ಲ.