ವಿಲ್ಲಿಸ್-ಓವರ್‌ಲ್ಯಾಂಡ್

ವಿಲ್ಲಿಸ್-ಓವರ್‌ಲ್ಯಾಂಡ್ ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರದಲ್ಲಿದ್ದ ಮೋಟಾರು ವಾಹನ ತಯಾರಿಕಾ ಸಂಸ್ಥೆ. ಜೀಪು ಇದರ ಪ್ರಸಿದ್ಧ ವಾಹನ.

ಇತಿಹಾಸ

ಜಾನ್ ನಾರ್ತ್ ವಿಲ್ಲಿಸ್ ಅವರು ಓವರ್‌ಲ್ಯಾಂಡ್ ಕಂಪನಿಯನ್ನು ವಹಿಸಿಕೊಂಡು 1912ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಕೆಲವು ವರ್ಷ ಇದು ಫೋರ್ಡ್ ನಂತರದ ಸ್ಥಾನದಲ್ಲಿತ್ತು. 1933ರಲ್ಲಿ ದಿವಾಳಿಯಾದ ಸಂಸ್ಥೆಗೆ ಮರುಜೀವ ನೀಡಿದ್ದು ಎರಡನೆಯ ಮಹಾಯುದ್ಧದ ಸೇನಾ ಜೀಪು. ಇದರ ಮೊದಲ ಮಾದರಿಯನ್ನು ರೂಪಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಹೆಸರು ಮಾತ್ರ ವಿಲ್ಲಿಸ್‌ಗೆ ಬಂದಿತು. 1953ರಲ್ಲಿ ಕೈಸರ್ ಸಂಸ್ಥೆಯು ವಿಲ್ಲಿಸನ್ನು ಖರೀದಿಸಿತು.

ಭಾರತದಲ್ಲಿ ಜೀಪು

1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು. ಮೂಲ ಕಂಪನಿ ಇಲ್ಲವಾದ ಮೇಲೂ ಆ ವಿನ್ಯಾಸ ಇಲ್ಲಿ ದಶಕಗಳ ಕಾಲ ಉಳಿಯಿತು.

ಬಳಕೆದಾರರ ಅನುಭವ

ಕೇರಳದ ಗಡಿಯಲ್ಲಿರುವ ಮಂಡೆಕೋಲು ಸೇರಿದಂತೆ ಸುಳ್ಯ, ಪುತ್ತೂರು, ಕಡಬ ತಾಲೂಕುಗಳಲ್ಲಿ ಮನೆಗಳು ಅಡಿಕೆ ತೋಟಗಳ ನಡುವೆ ಚದುರಿಕೊಂಡಿವೆ. ಬಸ್ಸು ಹೋಗದ ಇಂತಹ ಏರುದಾರಿಗಳಲ್ಲಿ ಜನ ನೆಚ್ಚಿಕೊಂಡದ್ದು ಸರ್ವೀಸ್ ಜೀಪನ್ನು. ಪೇಟೆಗೆ ಹೋಗುವವರು, ಅಡಿಕೆಯ ಗೋಣಿ, ಆಸ್ಪತ್ರೆಗೆ ಒಯ್ಯಬೇಕಾದ ರೋಗಿ, ಎಲ್ಲಕ್ಕೂ ಅದೇ ವಾಹನ. ಮಳೆಗಾಲದ ಕೆಸರಿನಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಸಿಗುವುದು ಇದರ ದೊಡ್ಡ ಅನುಕೂಲ. ಆದರೆ ಕುಲುಕಾಟ ಹೆಚ್ಚು. ಟಾರ್ಪಾಲಿನ ಬದಿಯಿಂದ ಇರಚಲು ಒಳಬರುತ್ತದೆ. ಪೆಟ್ರೋಲ್ ಖರ್ಚು ಭರಿಸಲಾಗದ ಮಾಲೀಕರು ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡದ್ದೂ ಉಂಟು. ರಚನೆ ಸರಳವಾದುದರಿಂದ ಹಳ್ಳಿಯ ಗ್ಯಾರೇಜಿನಲ್ಲೇ ದುರಸ್ತಿ ಸಾಧ್ಯ.